ಖಡ್ಗಮೃಗ ಉಳಿಯುವುದು ಕಾಡಿನ ಹೊರಗೆ

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಅಸ್ಸಾಮಿನ ಕಾಜಿರಂಗದಲ್ಲಿ 2013ರಲ್ಲಿ ಕಳ್ಳಬೇಟೆಗೆ ಬಲಿಯಾದ ಖಡ್ಗಮೃಗಗಳು 27. ಮರುವರ್ಷವೂ 27. ಅಂದರೆ ಎರಡು ವಾರಕ್ಕೊಂದು. 2022ಕ್ಕೆ ಬನ್ನಿ. ಕಾಜಿರಂಗ ಒಂದೇ ಅಲ್ಲ, ಇಡೀ ಅಸ್ಸಾಮಿನಲ್ಲಿ ಆ ವರ್ಷದ ಲೆಕ್ಕ ಸೊನ್ನೆ. 1977ರ ನಂತರ ಅಂಥ ವರ್ಷ ಬಂದಿರಲಿಲ್ಲ.

ನಡುವೆ ಏನಾಯಿತು? ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಬಂದೂಕು. ಗಾರ್ಡ್‌ಗಳಿಗೆ ಒಳ್ಳೆಯ ಬಂದೂಕು ಕೊಟ್ಟರು, ಕಂಡಲ್ಲಿ ಗುಂಡು ಹಾರಿಸಿದರು, ಬೇಟೆಗಾರರು ಹೆದರಿದರು ಅಂತ. ಇದು ಪೂರ್ತಿ ಸುಳ್ಳಲ್ಲ. ಆದರೆ 2013ರಲ್ಲೂ ಬಂದೂಕು ಇತ್ತು, ಗುಂಡೂ ಹಾರುತ್ತಿತ್ತು. ಆದರೂ 27 ಸತ್ತವಲ್ಲ? ಬಂದೂಕಿನ ಕಥೆ ಹೇಳುವವರು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಖಡ್ಗಮೃಗದ ಅಳಿವು ಉಳಿವು ಕಾಡಿನ ಒಳಗಿಗಿಂತ ಜಾಸ್ತಿ ಕಾಡಿನ ಹೊರಗೆ ತೀರ್ಮಾನವಾಗುತ್ತದೆ. ಶಿಬಿರದಲ್ಲಿ ಕಾವಲಿನವರು ಇದ್ದಾರಾ, ಅವರಿಗೆ ಸಂಬಳ ಬರುತ್ತಿದೆಯಾ, ಪಕ್ಕದ ಊರಿನವರು ಯಾರ ಕಡೆ ಇದ್ದಾರೆ, ಕೊಂಬು ಗಡಿ ದಾಟುವ ದಾರಿ ತೆರೆದಿದೆಯಾ, ಮುಚ್ಚಿದೆಯಾ. ಗುಂಡು ಹೊಡೆಯುವುದು ಇವೆಲ್ಲ ಆದ ಮೇಲಿನ ಕೊನೆಯ ಕೆಲಸ.

ಮೊದಲು ಪ್ರಾಣಿಯನ್ನು ಸ್ವಲ್ಪ ನೋಡೋಣ. ಪ್ರಪಂಚದಲ್ಲಿ ಐದು ಜಾತಿಯ ಖಡ್ಗಮೃಗಗಳಿವೆ. ಆಫ್ರಿಕದಲ್ಲಿ ಬಿಳಿ, ಕಪ್ಪು ಅಂತ ಎರಡು. ಏಷ್ಯಾದಲ್ಲಿ ನಮ್ಮ ಒಂಟಿಕೊಂಬಿನದು, ಜಾವಾದ್ದು, ಸುಮಾತ್ರಾದ್ದು. ಇಪ್ಪತ್ತನೇ ಶತಮಾನ ಶುರುವಾದಾಗ ಎಲ್ಲ ಸೇರಿ ಐದು ಲಕ್ಷ ಇದ್ದವು ಅಂತ ಅಂದಾಜು. ಈಗ 27,000ದ ಆಸುಪಾಸು. ಒಂಟಿಕೊಂಬಿನದು ಒಂದು ಕಾಲಕ್ಕೆ ಸಿಂಧೂ ಬಯಲಿನವರೆಗೂ ಇತ್ತು. ಮೊಹೆಂಜೊದಾರೋದ ಮುದ್ರೆಗಳಲ್ಲಿ ಅದರ ಚಿತ್ರ ಇದೆ. ಬಾಬರ್ ಪೇಶಾವರದ ಕಡೆ ಖಡ್ಗಮೃಗ ಬೇಟೆಯಾಡಿದ್ದನ್ನು ತಾನೇ ಬರೆದಿಟ್ಟಿದ್ದಾನೆ. ಜೈನರ ಹನ್ನೊಂದನೇ ತೀರ್ಥಂಕರ ಶ್ರೇಯಾಂಸನಾಥನ ಲಾಂಛನವೂ ಇದೇ. ಅಷ್ಟು ಪರಿಚಯದ ಪ್ರಾಣಿ 1900ರ ಹೊತ್ತಿಗೆ ಎಷ್ಟು ಉಳಿದಿತ್ತು ಗೊತ್ತಾ? ಎಲ್ಲ ಸೇರಿ ಸುಮಾರು 200. ಬಯಲೆಲ್ಲ ಹೊಲವಾಯಿತು, ಚಹಾ ತೋಟವಾಯಿತು, ಉಳಿದದ್ದನ್ನು ಸಾಹೇಬರು, ರಾಜರು ಮೋಜಿಗೆ ಹೊಡೆದರು. 1905ರಲ್ಲಿ ಕಾಜಿರಂಗವನ್ನು ಕಾಯ್ದಿರಿಸಲು ಹೊರಟಾಗ ಅಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. 2022ರ ಗಣತಿಯಲ್ಲಿ ಅದೇ ಕಾಜಿರಂಗದಲ್ಲಿ 2,613.

ಈಗ ಒಂದು ವಿಷಯ ಹತ್ತಿರದಿಂದ ನೋಡಬೇಕು. ಇದು ಗೊತ್ತಾದರೆ ಕಾವಲು ಯಾಕೆ ಅಷ್ಟು ಕಷ್ಟ ಅನ್ನುವುದು ಗೊತ್ತಾಗುತ್ತದೆ. ಖಡ್ಗಮೃಗ ಕಂಡಕಂಡಲ್ಲಿ ಲದ್ದಿ ಹಾಕುವುದಿಲ್ಲ. ಅದಕ್ಕೊಂದು ಜಾಗ ಇರುತ್ತದೆ. ಅಲ್ಲಿಗೇ ಮತ್ತೆ ಮತ್ತೆ ಬರುತ್ತದೆ. ಅದೊಂದೇ ಅಲ್ಲ, ಆ ಕಡೆ ಓಡಾಡುವ ಬೇರೆ ಖಡ್ಗಮೃಗಗಳೂ ಅಲ್ಲಿಗೇ ಬರುತ್ತವೆ. ಹಾಗಾಗಿ ಸೊಂಟದೆತ್ತರದ ದೊಡ್ಡ ಗುಡ್ಡೆಗಳು ಬೆಳೆದು ನಿಲ್ಲುತ್ತವೆ. ವಾಸನೆಯಿಂದಲೇ ಯಾರು ಬಂದಿದ್ದರು, ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯಾ ಅನ್ನುವುದೆಲ್ಲ ಅವಕ್ಕೆ ತಿಳಿಯುತ್ತದೆ. ಗುಡ್ಡೆಯಿಂದ ಕೆಸರಿನ ಹೊಂಡಕ್ಕೆ, ಹೊಂಡದಿಂದ ಮೇವಿಗೆ, ಎರಡಾಳೆತ್ತರದ ಆನೆಹುಲ್ಲಿನ ನಡುವೆ ತುಳಿದು ತುಳಿದು ಆದ ದಾರಿ. ಕಣ್ಣು ಮಂಜು. ಕಿವಿ, ಮೂಗು ಮಾತ್ರ ಬಹಳ ಚುರುಕು.

ಬೇಟೆಗಾರನಿಗೆ ಇಷ್ಟು ಸಾಕು. ಪ್ರಾಣಿಯನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಹೊಸ ಲದ್ದಿ ಇರುವ ಗುಡ್ಡೆ ನೋಡಿಕೊಂಡು, ಗಾಳಿಗೆ ಎದುರಾಗಿ ಕೂತರೆ ಆಯಿತು. ಹಿಂದೆ ಆ ದಾರಿಯಲ್ಲೇ ಗುಂಡಿ ತೋಡಿ, ಮೇಲೆ ಹುಲ್ಲು ಮುಚ್ಚುತ್ತಿದ್ದರು. ಮೇಲೆ ಹಾದುಹೋಗುವ ಕರೆಂಟಿನ ತಂತಿಗೆ ವೈರ್ ಎಸೆದು, ಇನ್ನೊಂದು ತುದಿಯನ್ನು ದಾರಿಗೆ ಅಡ್ಡ ಕಟ್ಟಿ ಕೊಂದದ್ದೂ ಇದೆ. ಈಗ ಬಂದೂಕೇ ಜಾಸ್ತಿ. .303 ರೈಫಲ್, ಕೆಲವು ಸಲ ಎಕೆ-47. ಬೆಳದಿಂಗಳ ರಾತ್ರಿ ನೋಡಿಕೊಂಡು ಬರುತ್ತಾರೆ, ಟಾರ್ಚ್ ಬೇಕಾಗುವುದಿಲ್ಲವಲ್ಲ. ಬಿದ್ದ ಕೂಡಲೇ ಕೊಂಬನ್ನು ಬುಡದಿಂದ ಕಡಿಯುತ್ತಾರೆ. ಕೆಲವೇ ನಿಮಿಷದ ಕೆಲಸ. ಎಷ್ಟೋ ಸಲ ಪ್ರಾಣಿಗೆ ಇನ್ನೂ ಜೀವ ಇರುತ್ತದೆ.

ಹೆಣ್ಣಿಗೆ ಗುಂಡು ಬಿದ್ದರೆ ಲೆಕ್ಕ ಒಂದಕ್ಕೆ ನಿಲ್ಲುವುದಿಲ್ಲ. ಹದಿನೈದು ಹದಿನಾರು ತಿಂಗಳು ಗರ್ಭ, ಒಂದೇ ಮರಿ, ಮುಂದಿನದಕ್ಕೆ ಸುಮಾರು ಮೂರು ವರ್ಷ. ಚಿಕ್ಕ ಮರಿ ಇದ್ದರೆ ಅದೂ ಹೆಚ್ಚಾಗಿ ಉಳಿಯುವುದಿಲ್ಲ.

ಇಂಥ ಗುಂಪಿನಲ್ಲಿ ಯಾರ್ಯಾರು ಇರುತ್ತಾರೆ ನೋಡಿ. ಗುಂಡು ಹೊಡೆಯುವವನು ಹೆಚ್ಚಾಗಿ ಹೊರಗಿನವನು, ಅದರಲ್ಲೇ ಪಳಗಿದವನು. ಅವನಿಗೆ ಆ ಹುಲ್ಲುಗಾಡಿನ ದಾರಿ ಗೊತ್ತಿರುವುದಿಲ್ಲ. ಅದಕ್ಕೆ ಊರಿನವನೊಬ್ಬ ಬೇಕು. ಯಾವ ಗುಡ್ಡೆ ಹೊಸದು, ಶಿಬಿರದವರು ಯಾವ ಹೊತ್ತಿಗೆ ಗಸ್ತು ಹೋಗುತ್ತಾರೆ, ಯಾವ ಮನೆಯಲ್ಲಿ ಒಂದೆರಡು ರಾತ್ರಿ ಅಡಗಬಹುದು, ಇದೆಲ್ಲ ಅವನ ಕೈಯಲ್ಲಿ. ಆಮೇಲೆ ಕೊಂಬು ಸಾಗಿಸುವವನು, ಅವನ ಹಿಂದೆ ದುಡ್ಡು ಹಾಕಿದವನು. ಈಶಾನ್ಯದಲ್ಲಿ ಈ ದಾರಿ ಹೆಚ್ಚಾಗಿ ದಿಮಾಪುರ, ಮಣಿಪುರದ ಗಡಿ ಅಂತ ಹೋಗಿ ಮ್ಯಾನ್ಮಾರ್ ದಾಟುತ್ತದೆ. ಸಿಕ್ಕಿಬೀಳುವುದು, ಗುಂಡೇಟಿಗೆ ಸಾಯುವುದು ಮೊದಲ ಇಬ್ಬರು. ದುಡ್ಡಿನ ದೊಡ್ಡ ಪಾಲು ಇರುವುದು ಕೊನೆಯವರ ಹತ್ತಿರ. ಊರಿನವನಿಗೆ ಸಿಗುವುದು ಚಿಲ್ಲರೆ. ಆದರೆ ಅವನಿಲ್ಲದೆ ಈ ಕೆಲಸ ಆಗುವುದೇ ಇಲ್ಲ. ನನ್ನ ಪ್ರಕಾರ ಸಂರಕ್ಷಣೆಯ ಗುಟ್ಟೆಲ್ಲ ಈ ಒಬ್ಬ ಮನುಷ್ಯನಲ್ಲಿದೆ.

ಅವನ ಎದುರಿಗೆ ಇರುವವನು ಶಿಬಿರದ ಗಾರ್ಡ್. ಕಾಜಿರಂಗದಲ್ಲಿ ಕಳ್ಳಬೇಟೆ ತಡೆ ಶಿಬಿರಗಳು ಇನ್ನೂರಕ್ಕೂ ಜಾಸ್ತಿ ಇವೆ. ಶಿಬಿರ ಅಂದರೆ ಕಂಬದ ಮೇಲೆ ನಿಂತ ಒಂದು ಸಣ್ಣ ಮನೆ, ಒಳಗೆ ಮೂರ್ನಾಲ್ಕು ಜನ, ಒಂದು ವೈರ್‌ಲೆಸ್ ಸೆಟ್. ಕಂಬದ ಮೇಲೆ ಯಾಕೆಂದರೆ ಮಳೆಗಾಲದಲ್ಲಿ ಬ್ರಹ್ಮಪುತ್ರ ಉಕ್ಕಿ ಕಾಡಿನ ಬಹುಪಾಲು ಮುಳುಗುತ್ತದೆ. ಆಗ ದೋಣಿಯಲ್ಲೇ ಗಸ್ತು. ನೀರು ಏರಿದಾಗ ಪ್ರಾಣಿಗಳು ದಕ್ಷಿಣದ ಕಾರ್ಬಿ ಆಂಗ್ಲಾಂಗ್ ಬೆಟ್ಟಕ್ಕೆ ಹೋಗಬೇಕು. ನಡುವೆ ಹೆದ್ದಾರಿ ಇದೆ. ಅಲ್ಲಿ ಲಾರಿಗೆ ಸಿಕ್ಕಿ ಸಾಯುತ್ತವೆ, ದಾಟಿದರೆ ಬೇಟೆಗಾರನಿಗೆ ಸುಲಭವಾಗುತ್ತದೆ. ಗಾರ್ಡ್‌ಗೆ ಹುಲಿಯೂ ಇದೆ, ಕಾಡೆಮ್ಮೆಯೂ ಇದೆ, ತಾನು ಕಾಯುವ ಖಡ್ಗಮೃಗವೇ ನುಗ್ಗಿ ಬಂದರೂ ಬಂತು. ಅದು ಕೊಂಬಿನಿಂದ ಹಾಯುವುದಕ್ಕಿಂತ ಕೆಳದವಡೆಯ ಚೂಪು ಹಲ್ಲಿನಿಂದ ಸೀಳುವುದು ಜಾಸ್ತಿ. ಇಂಥ ಕೆಲಸ ಮಾಡುವವರಲ್ಲಿ ಎಷ್ಟೋ ಜನ ದಿನಗೂಲಿಯವರು. ಖಾಯಂ ನೌಕರಿ ಇಲ್ಲ.

ಈ ಶಿಬಿರಗಳು ಖಾಲಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಮೂರು ಕಡೆಯ ಕಥೆ ಇದೆ.

ಒಂದು, ಅಸ್ಸಾಮಿನದೇ ಲಾವೊಖೋವಾ ಅಭಯಾರಣ್ಯ. 1983ರ ಸುಮಾರಿಗೆ ರಾಜ್ಯವೆಲ್ಲ ಚಳವಳಿ, ಗಲಭೆ. ಪೊಲೀಸು, ಆಡಳಿತ ಎಲ್ಲರ ಗಮನವೂ ಬೇರೆ ಕಡೆ. ಅಲ್ಲಿದ್ದ ನಲವತ್ತಕ್ಕೂ ಹೆಚ್ಚು ಖಡ್ಗಮೃಗಗಳು ಸ್ವಲ್ಪ ಕಾಲದಲ್ಲೇ ಹೋದವು, ಒಂದೂ ಉಳಿಯಲಿಲ್ಲ. ಎರಡು, ಭೂತಾನ್ ಗಡಿಯ ಮಾನಸ್. 1980ರ ದಶಕದ ಕೊನೆಯಿಂದ ಪ್ರತ್ಯೇಕ ರಾಜ್ಯಕ್ಕಾಗಿ ಅಲ್ಲಿನ ಬೋಡೋ ಜನರ ಹೋರಾಟ ಜೋರಾಯಿತು. ಶಿಬಿರಗಳು ಸುಟ್ಟವು, ಸಿಬ್ಬಂದಿ ಸತ್ತರು, ಉಳಿದವರು ಹಿಂದೆ ಸರಿದರು. ಅಲ್ಲಿದ್ದ ಖಡ್ಗಮೃಗಗಳೆಲ್ಲ ಖಾಲಿ. 1992ರಲ್ಲಿ ಯುನೆಸ್ಕೋ ಮಾನಸ್ಸನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಮೂರನೆಯದು ನೇಪಾಳದ ಚಿತ್ವನ್. ಅಲ್ಲಿ ಕಾಡು ಕಾಯುವುದು ಸೈನ್ಯ. ಮಾವೋವಾದಿಗಳ ಜತೆ ಯುದ್ಧ ಬಿಗಡಾಯಿಸಿದಾಗ ಸೈನ್ಯ ಕಾಡಿನ ಸಣ್ಣ ಠಾಣೆಗಳನ್ನು ಮುಚ್ಚಿ ಕೆಲವೇ ದೊಡ್ಡ ಠಾಣೆಗಳಲ್ಲಿ ಕೂತಿತು. 2000ದಲ್ಲಿ ಚಿತ್ವನ್‌ನಲ್ಲಿ 544 ಇದ್ದವು, 2005ರಲ್ಲಿ 372.

ಮೂರೂ ಕಡೆ ಕೊಂಬಿನ ಬೆಲೆ ಮೊದಲೇ ಇತ್ತು, ಬೇಟೆಗಾರರೂ ಇದ್ದರು. ಬದಲಾದದ್ದು ಕಾವಲಿನ ಮನುಷ್ಯ ಅಲ್ಲಿ ಇಲ್ಲದೆ ಹೋದದ್ದು ಮಾತ್ರ.

ವಾಪಸು ಬಂದ ಕಥೆಯೂ ಅಷ್ಟೇ ಮುಖ್ಯ. 2003ರಲ್ಲಿ ಬೋಡೋ ಒಪ್ಪಂದ ಆಯಿತು. ಮಾನಸ್ಸಿನ ಅಂಚಿನ ಊರುಗಳಲ್ಲಿ ಮಾವೊಜಿಗೆಂಡ್ರಿ ಅನ್ನುವ ಸ್ಥಳೀಯರ ಸಂಘ ಹುಟ್ಟಿಕೊಂಡಿತು. ಹಳೆಯ ಬೇಟೆಗಾರರು ಬಂದೂಕು ಒಪ್ಪಿಸಿ ಗಸ್ತಿಗೆ ಸೇರಿದರು. ಕಾಡಿನ ಒಳದಾರಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2008ರಿಂದ ಅಸ್ಸಾಮಿನದೇ ಪೊಬಿತೋರಾ ಅಭಯಾರಣ್ಯ, ಕಾಜಿರಂಗದಿಂದ ಖಡ್ಗಮೃಗ ತಂದು ಅಲ್ಲಿ ಬಿಟ್ಟರು. ಎಲ್ಲ ಸಲೀಸಾಗಿ ಆಯಿತು ಅಂತ ತಿಳಿಯಬೇಡಿ. ತಂದು ಬಿಟ್ಟವುಗಳಲ್ಲೇ ಕೆಲವನ್ನು ಬೇಟೆಗಾರರು ಹೊಡೆದರು. ಆದರೂ ಅಲ್ಲಿ ಮರಿಗಳು ಹುಟ್ಟಿದವು. 2011ರಲ್ಲಿ ಯುನೆಸ್ಕೋ ತನ್ನ ಅಪಾಯದ ಪಟ್ಟಿಯಿಂದ ಮಾನಸ್ಸನ್ನು ತೆಗೆಯಿತು. ನೇಪಾಳದಲ್ಲಿ ಶಾಂತಿ ಬಂದ ಮೇಲೆ ಠಾಣೆಗಳು ಮತ್ತೆ ತೆರೆದವು. ಅಲ್ಲಿ ಉದ್ಯಾನದ ಆದಾಯದಲ್ಲಿ ಶೇ. 30ರಿಂದ 50ರಷ್ಟು ಅಂಚಿನ ಊರುಗಳಿಗೇ ಹೋಗಬೇಕು ಅಂತ ನಿಯಮ ಇದೆ. 2011ರಲ್ಲಿ ನೇಪಾಳ ಒಂದೂ ಖಡ್ಗಮೃಗ ಕಳೆದುಕೊಳ್ಳದ ವರ್ಷ ನೋಡಿತು. 2021ರ ಗಣತಿಯಲ್ಲಿ ದೇಶದಲ್ಲಿ 752.

ಇಲ್ಲಿ ಒಂದು ಕಹಿ ವಿಷಯ ಹೇಳಲೇಬೇಕು. ಕಾಜಿರಂಗದಲ್ಲಿ ಗಾರ್ಡ್‌ಗಳು ಗುಂಡು ಹಾರಿಸಿದರೆ ಸುಮ್ನೆ ಕೇಸಿಗೆ ಸಿಕ್ಕಿಬೀಳದ ಹಾಗೆ ಅಸ್ಸಾಂ ಸರ್ಕಾರ 2010ರಲ್ಲಿ ಕಾನೂನಿನ ರಕ್ಷಣೆ ಕೊಟ್ಟಿತು. ಕತ್ತಲಲ್ಲಿ ಎಕೆ-47 ಎದುರಿಸುವವನಿಗೆ ರಕ್ಷಣೆ ಬೇಕು, ಒಪ್ಪುತ್ತೇನೆ. ಆದರೆ 2016ರಲ್ಲಿ ಕಾಡಿನ ಅಂಚಿನ ಊರಿನ ಏಳು ವರ್ಷದ ಹುಡುಗನ ಕಾಲಿಗೆ ಗಾರ್ಡ್‌ನ ಗುಂಡು ಬಿತ್ತು. ಅಂಗಡಿಯಿಂದ ಮನೆಗೆ ಹೋಗುತ್ತಿದ್ದ ಹುಡುಗ. ಊರಿನವರು ತಿರುಗಿಬಿದ್ದರು, ಬೀಳದೆ ಇರುತ್ತಾರಾ? ಅದು ನ್ಯಾಯದ ಪ್ರಶ್ನೆ, ಮೊದಲನೆಯದಾಗಿ. ಇನ್ನೊಂದು ಲೆಕ್ಕವೂ ಇದೆ. ಆ ಊರಿನವನು ಬಾಯಿ ಬಿಟ್ಟರೆ ತಾನೇ ರಾತ್ರಿ ಯಾರ ಮನೆಗೆ ಹೊಸಬರು ಬಂದಿದ್ದಾರೆ ಅನ್ನುವುದು ಇಲಾಖೆಗೆ ಗೊತ್ತಾಗುವುದು? ಗುಂಡಿನಿಂದ ಊರು ಕಳೆದುಕೊಂಡರೆ ಕಾಡಿಗೆ ಕಿವಿಯೇ ಇರುವುದಿಲ್ಲ.

ಸೊನ್ನೆಯ ವರ್ಷದ ಹಿಂದೆ ಇದ್ದದ್ದೂ ಇಂಥ ಕೆಲಸವೇ. 2021ರಲ್ಲಿ ಅಸ್ಸಾಮಿನಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ಕೈಕೆಳಗೆ ಕಾರ್ಯಪಡೆ ಮಾಡಿ, ಪೊಲೀಸರನ್ನೂ ಅರಣ್ಯದವರನ್ನೂ ಸೇರಿಸಿದರು. ಹಳೆಯ ಬೇಟೆಗಾರರ ಪಟ್ಟಿ ಹಿಡಿದು, ಫೋನು ಜಾಡು ಹಿಡಿದು, ಕಾಡಿಗೆ ಕಾಲಿಡುವ ಮೊದಲೇ ಹಿಡಿಯುವುದು. ಕೋವಿಡ್ ಕಾಲದಲ್ಲಿ ಗಡಿ ಮುಚ್ಚಿದ್ದೂ ಸಹಾಯ ಮಾಡಿರಬೇಕು ಅಂತ ನನಗೆ ಅನಿಸುತ್ತದೆ. ಸಾಧನೆಯ ಭಾಷಣಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ, ಇರಲಿ.

ಇನ್ನು ಕೊಂಬು. ಇಷ್ಟೆಲ್ಲ ಗೋಳಿಗೆ ಕಾರಣವಾದದ್ದು ಏನು ಅಂತ ನೋಡಿದರೆ ನಮ್ಮ ಉಗುರು, ಕೂದಲಲ್ಲಿ ಇರುವ ಕೆರಾಟಿನ್. ದನದ ಕೊಂಬಿಗೆ ಒಳಗೆ ಮೂಳೆ ಇರುತ್ತದೆ, ಇದಕ್ಕೆ ಅದೂ ಇಲ್ಲ. ಕಡ್ಡಿಗಳನ್ನು ಒತ್ತಿ ಕಟ್ಟಿದ ಪೊರಕೆಯ ಹಾಗೆ, ಎಳೆ ಎಳೆ ಅಂಟಿಕೊಂಡು ಗಟ್ಟಿಯಾದದ್ದು. ಬುಡ ಬಿಟ್ಟು ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ.

ಗಂಡಸುತನಕ್ಕೆ ಕೊಂಬು ಬಳಸುತ್ತಾರೆ ಅಂತ ಎಲ್ಲರೂ ಕೇಳಿದ್ದೀರಿ ಅಲ್ವಾ? ಚೀನಾದ ವೈದ್ಯದಲ್ಲಿ ಇದು ಮುಖ್ಯವಾಗಿ ಜ್ವರದ ಮದ್ದು. ಗಂಡಸುತನದ ಕಥೆಯನ್ನು ಜಾಸ್ತಿ ಹಬ್ಬಿಸಿದ್ದು ಪಶ್ಚಿಮದ ಪತ್ರಿಕೆಗಳು. 1970, 80ರ ದಶಕದಲ್ಲಿ ದೊಡ್ಡ ಗಿರಾಕಿ ಮದ್ದಿನವನೇ ಅಲ್ಲ, ಯೆಮನ್ ದೇಶ. ಅಲ್ಲಿ ಗಂಡಸರು ಸೊಂಟಕ್ಕೆ ಸಿಕ್ಕಿಸುವ ಜಂಬಿಯಾ ಅನ್ನುವ ಬಾಗಿದ ಚೂರಿಗೆ ಕೊಂಬಿನ ಹಿಡಿ ಇದ್ದರೆ ಗೌರವ. ತೈಲದ ದುಡ್ಡು ಬಂದಾಗ ಎಲ್ಲರಿಗೂ ಆ ಹಿಡಿ ಬೇಕಾಯಿತು. ಆಫ್ರಿಕದ ಕಪ್ಪು ಖಡ್ಗಮೃಗ 1970ರಲ್ಲಿ 65,000ದಷ್ಟಿದ್ದದ್ದು 1990ರ ದಶಕದ ನಡುವೆ 2,500ಕ್ಕಿಂತ ಕೆಳಗಿಳಿಯಿತು. 1977ರಲ್ಲೇ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದಡಿ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧವಾಗಿತ್ತು, ಆದರೆ ಒಳಗಿನ ಮಾರುಕಟ್ಟೆಗಳು ನಡೆಯುತ್ತಲೇ ಇದ್ದವು. 1993ರಲ್ಲಿ ಚೀನಾ ತನ್ನ ದೇಶದಲ್ಲೂ ನಿಷೇಧಿಸಿ, ಅಧಿಕೃತ ಮದ್ದಿನ ಪಟ್ಟಿಯಿಂದ ಕೊಂಬನ್ನು ತೆಗೆಯಿತು. ಅದರ ನಂತರ ಹತ್ತು ಹದಿನೈದು ವರ್ಷ ಆಫ್ರಿಕದಲ್ಲಿ ಬೇಟೆ ಬಹಳ ಕಡಿಮೆಯಾಯಿತು.

ಆಮೇಲೆ ವಿಯೆಟ್ನಾಂ. ಅಲ್ಲಿ ಹೊಸ ಶ್ರೀಮಂತರು ಬಂದಿದ್ದರು. ಯಾರೋ ದೊಡ್ಡ ಮನುಷ್ಯನ ಕ್ಯಾನ್ಸರ್ ಕೊಂಬಿನಿಂದ ವಾಸಿಯಾಯಿತು ಅಂತ ಗಾಳಿಮಾತು ಹಬ್ಬಿತು. ಕೊಂಬು ಉಡುಗೊರೆಯಾಯಿತು, ಪ್ರತಿಷ್ಠೆಯಾಯಿತು. ಕುಡಿದ ಮರುದಿನದ ತಲೆನೋವಿಗೆ ತೇಯ್ದು ಕುಡಿಯುವವರೂ ಇದ್ದರು. ದಕ್ಷಿಣ ಆಫ್ರಿಕದಲ್ಲಿ 2007ರಲ್ಲಿ ಕಳ್ಳಬೇಟೆಗೆ ಸತ್ತದ್ದು 13. 2010ರಲ್ಲಿ 333. 2014ರಲ್ಲಿ 1,215. ಏಳು ವರ್ಷದಲ್ಲಿ ಕಾಡು ಬದಲಾಗಲಿಲ್ಲ, ಪ್ರಾಣಿ ಬದಲಾಗಲಿಲ್ಲ. ಸಾವಿರಾರು ಮೈಲಿ ದೂರದ ಊಟದ ಮೇಜಿನ ಮೇಲೆ ಒಂದು ಹೊಸ ಚಟ ಬಂದಿತ್ತು ಅಷ್ಟೇ. ವಿಯೆಟ್ನಾಮಿನ ಸ್ವಂತ ಜಾವಾ ಖಡ್ಗಮೃಗದಲ್ಲಿ ಉಳಿದಿದ್ದ ಕೊನೆಯದರ ಹೆಣ 2010ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಕ್ಯಾಟ್ ಟಿಯೆನ್‌ನಲ್ಲಿ ಸಿಕ್ಕಿತು. ಕಾಲಿನಲ್ಲಿ ಗುಂಡು, ಕೊಂಬು ಇರಲಿಲ್ಲ.

ದಕ್ಷಿಣ ಆಫ್ರಿಕದ ಕಥೆಯಲ್ಲಿ ನನ್ನನ್ನು ಕಾಡುವ ಒಂದು ವಿವರ ಇದೆ. ಅಲ್ಲಿ ಬಿಳಿ ಖಡ್ಗಮೃಗ ಹತ್ತೊಂಬತ್ತನೇ ಶತಮಾನದ ಕೊನೆಗೆ ನೂರಕ್ಕಿಂತ ಕಡಿಮೆ ಇತ್ತು, ಉಂಫೊಲೋಜಿ ಅನ್ನುವ ಒಂದೇ ಜಾಗದಲ್ಲಿ. 1960ರ ದಶಕದಲ್ಲಿ ಇಯಾನ್ ಪ್ಲೇಯರ್ ಮತ್ತು ಅವರ ಸಂಗಡಿಗರು ಅವುಗಳನ್ನು ಹಿಡಿದು ಅಲ್ಲಿನ ದೊಡ್ಡ ರಾಷ್ಟ್ರೀಯ ಉದ್ಯಾನವಾದ ಕ್ರೂಗರ್‌ಗೆ, ಬೇರೆ ಬೇರೆ ಕಡೆಗೆ ಸಾಗಿಸಿದರು. ಅಷ್ಟು ದೊಡ್ಡ ಪ್ರಾಣಿಯನ್ನು ಜೀವಂತ ಹಿಡಿಯಲು ಸಾಧ್ಯವಾದದ್ದು ಎಂ-99 ಅನ್ನುವ ಅರಿವಳಿಕೆ ಮದ್ದಿನಿಂದ. ಅದರಿಂದಲೇ ಸಂತತಿ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಐವತ್ತು ವರ್ಷದ ನಂತರ ಕೆಲವು ಬೇಟೆ ಗುಂಪುಗಳು ಹೆಲಿಕಾಪ್ಟರಿನಲ್ಲಿ ಬಂದು, ಅದೇ ಮದ್ದಿನ ಡಾರ್ಟ್ ಹೊಡೆದು, ಸದ್ದಿಲ್ಲದೆ ಕೊಂಬು ಕತ್ತರಿಸಿದವು. ಕ್ರೂಗರ್‌ನಲ್ಲಿ 2010ರ ಸುಮಾರಿಗೆ ಹತ್ತು ಸಾವಿರ ಇದ್ದವು. ಹತ್ತು ವರ್ಷದಲ್ಲಿ ಸುಮಾರು ಮುಕ್ಕಾಲು ಪಾಲು ಹೋದವು.

ಹಾಗಾದರೆ ಕೊಂಬನ್ನೇ ತೆಗೆದುಬಿಟ್ಟರೆ? ನಮೀಬಿಯಾ 1989ರಲ್ಲೇ ಇದನ್ನು ಶುರು ಮಾಡಿತ್ತು. ಪ್ರಾಣಿಗೆ ಅರಿವಳಿಕೆ ಕೊಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ಬುಡಕ್ಕೆ ತಾಗದ ಹಾಗೆ ಗರಗಸದಿಂದ ಕತ್ತರಿಸುತ್ತಾರೆ. ನೋವಾಗುವುದಿಲ್ಲ. ಒಂದೆರಡು ವರ್ಷಕ್ಕೆ ಮತ್ತೆ ಮಾಡಬೇಕು. ಕ್ರೂಗರ್ ಸುತ್ತಲಿನ ಕಾಡುಗಳ ಲೆಕ್ಕ ಹಿಡಿದು 2025ರಲ್ಲಿ ಬಂದ ಅಧ್ಯಯನದ ಪ್ರಕಾರ, ಕೊಂಬು ತೆಗೆದ ಕಡೆ ಕಳ್ಳಬೇಟೆ ಶೇ. 78ರಷ್ಟು ಇಳಿಯಿತು. ಅದೂ ಒಟ್ಟು ಕಾವಲು ಖರ್ಚಿನ ಸಣ್ಣ ಪಾಲಿನಲ್ಲಿ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಎರಡು ಮಾತು. ಉಳಿದ ಮೋಟು ಕೊಂಬಿಗೂ ಬೆಲೆ ಇದೆ, ಅದಕ್ಕಾಗಿಯೂ ಕೊಂದಿದ್ದಾರೆ. ಎರಡನೆಯದು, ಬೇಟೆ ಪಕ್ಕಕ್ಕೆ ಸರಿಯುತ್ತದೆ. ಕ್ರೂಗರ್ ಬಿಗಿಯಾದಾಗ ಬೇಟೆಗಾರರು ಹ್ಲುಹ್ಲುವೆ-ಇಂಫೊಲೋಜಿ ಕಡೆ ತಿರುಗಿದರು. ಹೌದು, ಎಲ್ಲ ಶುರುವಾದ ಅದೇ ಉಂಫೊಲೋಜಿ. 2023ರಲ್ಲಿ ದೇಶದಲ್ಲಿ ಸತ್ತ 499ರಲ್ಲಿ 307 ಅಲ್ಲಿಯವು.

ಅಸ್ಸಾಮಿನಲ್ಲಿ ಬದುಕಿರುವ ಪ್ರಾಣಿಯ ಕೊಂಬು ತೆಗೆಯುವುದಿಲ್ಲ. ಸತ್ತ ಪ್ರಾಣಿಗಳಿಂದ ತೆಗೆದದ್ದು, ಕಳ್ಳರಿಂದ ವಶಪಡಿಸಿಕೊಂಡದ್ದು ಖಜಾನೆಯಲ್ಲಿ ಬಿದ್ದಿತ್ತು. 2021ರ ಸೆಪ್ಟೆಂಬರ್ 22ರಂದು, ಖಡ್ಗಮೃಗ ದಿನ, ಕಾಜಿರಂಗದ ಪಕ್ಕದ ಬೊಕಾಖಾತ್‌ನಲ್ಲಿ ಅದರಲ್ಲಿ 2,479 ಕೊಂಬು ಸುಟ್ಟರು. ಒಂದೊಂದನ್ನೂ ತೂಗಿ, ಅಳೆದು, ಡಿಎನ್‌ಎಗೆ ಚೂರು ತೆಗೆದಿಟ್ಟುಕೊಂಡು, ಆಮೇಲೆ ಬೆಂಕಿಗೆ. ಅಷ್ಟು ಬೆಲೆಯ ವಸ್ತು ಸುಡುವುದಾ ಅಂತ ಆಗ ಬಹಳ ಜನ ಕೇಳಿದರು. ನನಗೆ ಸರಿ ಅನಿಸಿತು. ಖಜಾನೆಯಲ್ಲಿ ಇಟ್ಟುಕೊಂಡಿರುವಷ್ಟು ದಿನ ಸರ್ಕಾರವೂ ಕೊಂಬಿಗೆ ಬೆಲೆ ಇದೆ ಅಂತ ಒಪ್ಪಿಕೊಂಡ ಹಾಗೆಯೇ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ಹಿರಿಯರು ಕೇಳಿದರು: "ಮತ್ತೆ ಬೆಳೆಯುತ್ತೆ ಅಂತೀರಿ. ಹಾಗಾದ್ರೆ ಸಾಕಿ, ಕೊಯ್ದು, ಕಾನೂನಾಗೇ ಮಾರಬಹುದಲ್ಲ ಸ್ವಾಮಿ?"

ದಕ್ಷಿಣ ಆಫ್ರಿಕದ ಜಾನ್ ಹ್ಯೂಮ್ ಇದನ್ನೇ ನಂಬಿ ಎರಡು ಸಾವಿರ ಬಿಳಿ ಖಡ್ಗಮೃಗ ಸಾಕಿದರು. ದೇಶದೊಳಗೆ ಮಾರಲು 2017ರಲ್ಲಿ ಕೋರ್ಟು ದಾರಿ ಬಿಟ್ಟಿತು, ಆದರೆ ಹೊರದೇಶಕ್ಕೆ ಮಾರುವ ಹಾಗಿಲ್ಲ. ಕಾವಲಿನ ಖರ್ಚೇ ಅವರನ್ನು ತಿಂದುಹಾಕಿತು. 2023ರಲ್ಲಿ ಪೂರ್ತಿ ಮಂದೆ ಹರಾಜಿಗಿಟ್ಟರೆ ಕೂಗುವವರೇ ಇರಲಿಲ್ಲ. ಕೊನೆಗೆ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ಕೊಂಡು, ಕಾಡುಗಳಿಗೆ ಬಿಡುವ ಜವಾಬ್ದಾರಿ ತೆಗೆದುಕೊಂಡಿತು. ಹೊರದೇಶಕ್ಕೂ ಮಾರಲು ಬಿಟ್ಟಿದ್ದರೆ ಗೆಲ್ಲುತ್ತಿತ್ತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಂಗಡಿಯಲ್ಲಿ ರಾಜಾರೋಷವಾಗಿ ಸಿಕ್ಕರೆ ಕೊಳ್ಳುವವರು ಎಷ್ಟು ಹೆಚ್ಚುತ್ತಾರೋ ಯಾರಿಗೆ ಗೊತ್ತು? ಕಾನೂನಿನ ಕೊಂಬು, ಕಳ್ಳ ಕೊಂಬು ಪುಡಿಯಾದ ಮೇಲೆ ಒಂದೇ. ಜಾವಾ, ಸುಮಾತ್ರಾದಲ್ಲಿ ಉಳಿದಿರುವುದು ಕೆಲವೇ ಡಜನ್. ಅಲ್ಲಿ ಪ್ರಯೋಗ ತಪ್ಪಿದರೆ ತಿದ್ದಿಕೊಳ್ಳಲು ಪ್ರಾಣಿಯೇ ಇರುವುದಿಲ್ಲ. ಜಾವಾದ ಉಜುಂಗ್ ಕುಲೋನ್‌ನಲ್ಲಿ ಎಪ್ಪತ್ತಕ್ಕೂ ಹೆಚ್ಚಿವೆ, ಎಲ್ಲ ಸುರಕ್ಷಿತ ಅಂತ ವರ್ಷಗಟ್ಟಲೆ ಕೇಳುತ್ತಿದ್ದೆವು. 2019ರಿಂದ 2023ರ ನಡುವೆ 26 ಕೊಂದಿದ್ದೇವೆ ಅಂತ ಸಿಕ್ಕಿಬಿದ್ದ ಬೇಟೆಗಾರರು ಹೇಳಿದ್ದನ್ನು 2024ರಲ್ಲಿ ಅಲ್ಲಿನ ಪೊಲೀಸರೇ ಹೊರಹಾಕಿದರು.

ಇನ್ನೊಂದು ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು: "ಮೂರರಲ್ಲಿ ಎರಡು ಕಾಜಿರಂಗದಲ್ಲೇ ಇದ್ದರೆ, ಒಂದು ರೋಗವೋ ದೊಡ್ಡ ಪ್ರವಾಹವೋ ಬಂದರೆ ಗತಿ ಏನು?"

ಬಹಳ ಒಳ್ಳೆಯ ಪ್ರಶ್ನೆ. ಪ್ರಪಂಚದ ಸುಮಾರು 4,000 ಒಂಟಿಕೊಂಬಿನ ಖಡ್ಗಮೃಗಗಳಲ್ಲಿ 2,613 ಅಲ್ಲೇ. ಅದಕ್ಕೇ ಮಾನಸ್ಸಿಗೂ ತಂದು ಬಿಟ್ಟದ್ದು. ಅದಕ್ಕೂ ಮೊದಲು 1984ರಲ್ಲಿ ಉತ್ತರ ಪ್ರದೇಶದ ದುಧ್ವಾಕ್ಕೆ ಅಸ್ಸಾಮಿನಿಂದ, ಮರುವರ್ಷ ನೇಪಾಳದಿಂದ ಕೆಲವನ್ನು ತಂದು ಬಿಟ್ಟರು. ಬಿಟ್ಟರು ಅಂದರೆ ಕರೆಂಟಿನ ಬೇಲಿಯೊಳಗೆ. ನಲವತ್ತು ವರ್ಷ ಅವು ಬೇಲಿಯೊಳಗೇ ಹುಟ್ಟಿ ಬೆಳೆದವು. 2024ರ ನವೆಂಬರಿನಲ್ಲಿ ಮೊದಲ ಸಲ ಕೆಲವಕ್ಕೆ ರೇಡಿಯೋ ಕಾಲರ್ ಹಾಕಿ ಬೇಲಿಯಾಚೆ ಬಿಟ್ಟಿದ್ದಾರೆ. ಸುತ್ತ ಕಬ್ಬಿನ ಗದ್ದೆ, ಪಕ್ಕದಲ್ಲೇ ನೇಪಾಳದ ಗಡಿ. ಅವು ಗದ್ದೆಗೆ ನುಗ್ಗಿದ ದಿನ ರೈತನಿಗೆ ಪರಿಹಾರ ಎಷ್ಟು ಬೇಗ ಸಿಗುತ್ತದೆ ಅನ್ನುವುದನ್ನು ನಾನಂತೂ ಗಮನಿಸುತ್ತಿರುತ್ತೇನೆ.